ಅಭಿಪ್ರಾಯದ ಬೆಲೆ

ಯಂತ್ರ, ವಾಹನ, ರಾಜಕೀಯ, ಮಳೆ-ಬೆಳೆ ಎಲ್ಲದರ ಬಗೆಗೂ ನಾವು ದಿನವೂ ಅಭಿಪ್ರಾಯ ನೀಡುತ್ತೇವೆ. ಆದರೆ ಆಡಿದ ಮಾತಿಗೆ ಬೆಲೆ ತೆರುವವರು ವಿರಳ. ಡಾ. ಶಿವರಾಮ ಕಾರಂತರು (೧೯೦೨–೧೯೯೭) ಅಂಥ ವಿರಳರಲ್ಲಿ ಒಬ್ಬರು.

ಕಾರಂತರು ವಿಜ್ಞಾನದ್ವೇಷಿಗಳಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಅನಂತರ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದವರು. ಆದರೂ ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬರುವುದನ್ನು ವಿರೋಧಿಸಿದರು. ಅದರಿಂದ ಕಾಡಿಗೂ ಜನರಿಗೂ ಅಪಾಯವೆಂಬುದು ಅವರ ನಿಲುವು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದ ಅವರು, ೧೯೮೯ರಲ್ಲಿ ತಮ್ಮ ೮೭ನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತರು, ಸೋತರು. ಸ್ಥಾವರವೂ ನಿರ್ಮಾಣವಾಯಿತು.

ಅವರ ನಿಲುವನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ವಿದ್ಯಾರ್ಥಿಗಳೇ, ಅಭಿಪ್ರಾಯವೊಂದನ್ನು ಆಡುವ ಮುನ್ನ, ಅದಕ್ಕಾಗಿ ಏನನ್ನು ತೆರಲು ಸಿದ್ಧರಿದ್ದೀರೆಂದು ಒಮ್ಮೆ ಯೋಚಿಸಿರಿ.