ಸಮಿತಿಗೆ ಹೆಸರು ಕೊಡುವ ಮುನ್ನ

ಮಹಾಸಭೆಯಲ್ಲಿ ಒಬ್ಬರು ನಿಮ್ಮ ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಚಪ್ಪಾಳೆಯಾದ ಮೇಲೆ ಅವಲಕ್ಕಿ, ಚಹಾ. ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಆಚೀಚೆ ಯುವಕ ಸಂಘಕ್ಕೂ ಯಕ್ಷಗಾನ ಮಂಡಳಿಗೂ ಹೊಸ ನಿರ್ದೇಶಕರು ಬರುವುದು ಹೀಗೆಯೇ. ಬೈಲಾವನ್ನು ಮಾತ್ರ ಯಾರೂ ಕೈಗೆ ಕೊಡುವುದಿಲ್ಲ.

ಕೇಳಿ ಪಡೆಯಿರಿ. ಜೊತೆಗೆ ಸಂಘ ಯಾವ ಕಾನೂನಿನಡಿ ನೋಂದಣಿಯಾಗಿದೆ ಎಂದೂ ವಿಚಾರಿಸಿ. ಸಹಕಾರ ಸಂಘಕ್ಕೆ 1959ರ ಕಾಯ್ದೆ, ಟ್ರಸ್ಟಿಗೆ ಅದರ ಪತ್ರ, ಉಳಿದ ಹೆಚ್ಚಿನ ಸಂಘಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ನಿಮ್ಮ ಅವಧಿ ಎಷ್ಟು, ಸಭೆಗೆ ಕೋರಂ ಎಷ್ಟು, ಚೆಕ್ಕಿಗೆ ಯಾರ ಸಹಿ ಎಂಬುದೆಲ್ಲ ಬೈಲಾದಲ್ಲೇ ಇರುತ್ತದೆ. ನಡಾವಳಿ ಪುಸ್ತಕ, ಹಿಂದಿನ ಆಡಿಟ್ ವರದಿ, ಪಾಸ್‌ಬುಕ್ ಇವನ್ನೂ ನೋಡಿ. ಲೆಕ್ಕ ಕೇಳಿದರೆ ಹಿರಿಯರಿಗೆ ಬೇಸರವಾದೀತು ಎಂಬ ಸಂಕೋಚ ನಮ್ಮಲ್ಲಿ ಬಹಳ. ಹಳೆಯ ಖಜಾಂಚಿಯ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದೂ ಅದೇ ಲೆಕ್ಕ.

ಬಹಳ ಸಂಘಗಳು ಎಡವುವುದು ಒಂದೇ ಕಡೆ. 1960ರ ಕಾಯ್ದೆಯ 13ನೇ ಕಲಮಿನ ಪ್ರಕಾರ ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ಜಮಾಖರ್ಚಿನ ತಃಖ್ತೆ, ಆಡಿಟ್ ವರದಿಯೊಂದಿಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಊರಿಗೆ ನೀವು ಅಧ್ಯಕ್ಷರು, ಕಚೇರಿಯ ಕಡತದಲ್ಲಿ ಹಳಬರೇ ಅಧ್ಯಕ್ಷರು. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು, ಅನುದಾನಕ್ಕೆ ಅರ್ಜಿ ಹಾಕಲು ಹೋದಾಗ ತೊಡಕು ಗೊತ್ತಾಗುತ್ತದೆ. ರಾಜೀನಾಮೆ ಕೊಟ್ಟವರಿಗೂ ಇದೇ ಪಾಡು. ಬಾಯಿಮಾತಿನಲ್ಲಿ ಬಿಟ್ಟರೆ ಹೆಸರು ಉಳಿದೇ ಇರುತ್ತದೆ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಟ್ಟಿ ಸಲ್ಲಿಕೆಯಾಗಿದೆಯೇ ಎಂಬ ಅನುಮಾನವಿದ್ದರೆ ನೋಂದಣಾಧಿಕಾರಿಯ ಕಚೇರಿಯಲ್ಲಿ ಶುಲ್ಕ ಕಟ್ಟಿ ದಾಖಲೆ ನೋಡಬಹುದು, ನಕಲು ಪಡೆಯಬಹುದು. ವ್ಯವಹಾರವೇ ಸರಿಯಿಲ್ಲವೆನಿಸಿದರೆ ಸದಸ್ಯರಲ್ಲಿ ಮೂರನೇ ಒಂದು ಭಾಗದವರು, ಇಲ್ಲವೇ ಆಡಳಿತ ಮಂಡಳಿಯ ಬಹುಮತದವರು 25ನೇ ಕಲಮಿನಡಿ ವಿಚಾರಣೆಗೆ ಅರ್ಜಿ ಕೊಡಬಹುದು.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಇಂದಿಗೂ ನಡೆಯುತ್ತಿದೆ. ಕಟ್ಟಿದವರು ಹೋದ ಮೇಲೂ ಸಂಸ್ಥೆ ಹೀಗೆ ನಡೆಯಬೇಕಾದರೆ ಹೊಸಬರ ಕೈಗೆ ಕೆಲಸದ ಜೊತೆ ಕಾಗದಪತ್ರವೂ ಬರಬೇಕು.

ಹಿನ್ನೀರಿನಾಚೆಯ ತುಮರಿ ಕಡೆಯವರು ಶಿವಮೊಗ್ಗದ ನೋಂದಣಿ ಕಚೇರಿಗೆ ಹೊರಟರೆ ಮೊದಲೆಲ್ಲ ಲಾಂಚಿನ ಸಮಯ ನೋಡಬೇಕಿತ್ತು. ಈಗ ಆ ನೆಪವಿಲ್ಲ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದೆ. ಈ ಸಲದ ಮಹಾಸಭೆ ಮುಗಿದ ವಾರದೊಳಗೇ ಪಟ್ಟಿ ಹಿಡಿದು ಹೊರಡಿ.