ಓಟದ ಪಥಕ್ಕೆ ಹಳೆಯ ಕಾರು: ಸಿದ್ಧತೆಯ ಕ್ರಮ

ವೇಗದ ವ್ಯಾಮೋಹವುಳ್ಳ ತರುಣರಿಗೆ ಹುನಗುಂದ, ಇಳಕಲ್ಲ, ಅಮೀನಗಡಗಳ ಸೀಮೆಯಲ್ಲಿ ಕೊರತೆಯಿಲ್ಲ. ಆ ವ್ಯಾಮೋಹವನ್ನು ಅನ್ಯರಿಗೆ ಅಪಾಯವಾಗದಂತೆ ತೀರಿಸಿಕೊಳ್ಳಬಹುದಾದ ಸ್ಥಳಕ್ಕೆ ಮಾತ್ರ ಕೊರತೆಯುಂಟು. ಹುನಗುಂದವನ್ನು ಹಾಯ್ದುಹೋಗುವ ಹೊಸಪೇಟೆ–ವಿಜಯಪುರ ಹೆದ್ದಾರಿಯು ಎಷ್ಟೇ ನೇರವಾಗಿ, ನುಣುಪಾಗಿ ಕಂಡರೂ ಅದು ಟ್ರ್ಯಾಕ್ಟರುಗಳಿಗೂ ಕುರಿಹಿಂಡುಗಳಿಗೂ ಸೇರಿದ ಮಾರ್ಗವೆಂಬುದನ್ನು ಮರೆಯಲಾಗದು. ಅಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಸರಕಾರದ ಅನುಮತಿಯಿಲ್ಲದೆ ಓಟದ ಪಂದ್ಯ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ದಂಡನೀಯವಾಗಿದ್ದು, 2019ರ ತಿದ್ದುಪಡಿಯ ತರುವಾಯ ಮೊದಲನೆಯ ತಪ್ಪಿಗೇ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡಕ್ಕೆ, ಇಲ್ಲವೆ ಎರಡಕ್ಕೂ, ಆಸ್ಪದವುಂಟು.

ಆದಕಾರಣ ಆಸಕ್ತರು ದಕ್ಷಿಣಕ್ಕೆ, ತಮಿಳುನಾಡಿಗೆ, ಪಯಣಿಸುವುದೇ ವಿಹಿತವಾದ ದಾರಿ. ಅಲ್ಲಿ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಪಥವು 1990ರಿಂದಲೂ ಇದೆ. ಅದರ ಸುತ್ತಳತೆ ಸುಮಾರು 3.7 ಕಿಲೋಮೀಟರು. ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯಂನಲ್ಲಿ, ಭಾರತೀಯ ಮೋಟಾರು ಓಟಕ್ಕೆ ದುಡಿದು 1995ರ ವಿಮಾನ ಅಪಘಾತದಲ್ಲಿ ಅಸುನೀಗಿದ ಕರಿವರ್ಧನರ ಹೆಸರನ್ನು ಹೊತ್ತ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಆರಂಭವಾಯಿತು. ‘ಟ್ರ್ಯಾಕ್ ಡೇ’ ಎಂದು ಕರೆಯಲಾಗುವ ದಿನಗಳಲ್ಲಿ ಇಂತಹ ಪಥಗಳ ಮೇಲೆ ಶುಲ್ಕ ತೆತ್ತವರು ಸರದಿಯ ಮೇಲೆ ತಮ್ಮ ಸ್ವಂತ ಕಾರುಗಳನ್ನು ಓಡಿಸಬಹುದು. ಅಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ, ಬಹುಮಾನವಂತೂ ಇಲ್ಲವೇ ಇಲ್ಲ.

ಇಲ್ಲಿಂದ ಈ ಪಥಗಳಿಗೆ 700 ಕಿಲೋಮೀಟರಿಗೂ ಮೀರಿದ ದೂರ. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವ ಸಿರಿವಂತಿಕೆ ನಮ್ಮಲ್ಲಿ ಅನೇಕರಿಗಿಲ್ಲ. ಅಲ್ಲಿಗೆ ಒಯ್ದ ಕಾರೇ ಅಲ್ಲಿ ಓಡಿ, ಅದೇ ಕಾರೇ ನಮ್ಮನ್ನು ಮನೆಗೆ ತಲುಪಿಸಬೇಕಾಗಿರುವುದರಿಂದ, ಸಿದ್ಧತೆಯೆಂದರೆ ಕಾರಿನ ಶಕ್ತಿಯನ್ನು ಹೆಚ್ಚಿಸುವುದಲ್ಲ. ಸವೆದುದನ್ನು ಮೊದಲಿನ ಸ್ಥಿತಿಗೆ ತರುವುದು. ಒಂದು ಕಾಲಕ್ಕೆ ಈ ಪಥಗಳ ಮೇಲೆ ಪಂದ್ಯದ ಕಾರೆಂದು ಹೆಸರಾಗಿದ್ದ ಮಾರುತಿ ಎಸ್ಟೀಮ್ ಆಗಲಿ, ಅದರ ಜೊತೆಯ ಝೆನ್ ಆಗಲಿ ಈ ಕೆಲಸಕ್ಕೆ ಒಪ್ಪುವ ವಾಹನಗಳು: ತೂಕ ಕಡಿಮೆ, ರಚನೆ ಸರಳ, ಊರ ಮಿಸ್ತ್ರಿಗೆ ಪರಿಚಿತ. ಕೈಗೆ ಹಣ ಬಂದೊಡನೆ ಗುಡುಗುವ ಸೈಲೆನ್ಸರನ್ನೂ ಬಾಗಿಲ ಮೇಲಿನ ಪಟ್ಟೆಗಳನ್ನೂ ಹಾಕಿಸುವವರನ್ನು ಕಂಡಾಗ ನನಗೆ ಕನಿಕರವೆನಿಸುತ್ತದೆ. ಆ ಹಣದ ಮೊದಲ ಹಕ್ಕು ಬ್ರೇಕಿನದು.

ಕಾರಣವನ್ನು ಲೆಕ್ಕವೇ ಹೇಳುತ್ತದೆ. 900 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಗುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 3.5 ಲಕ್ಷ ಜೂಲ್. ಒಂದು ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಸಾಲುವಷ್ಟು ಈ ಶಾಖವೆಲ್ಲ ಪ್ರತಿ ನಿಲುಗಡೆಯಲ್ಲಿಯೂ ಡಿಸ್ಕು, ಡ್ರಮ್ಮುಗಳಲ್ಲಿ ಇಳಿಯಲೇಬೇಕು. ಊರ ರಸ್ತೆಯಲ್ಲಿ ಅದು ಆರಲು ಸಮಯ ದೊರೆಯುತ್ತದೆ. ಪಥದಲ್ಲಿ ಮುಂದಿನ ತಿರುವು ಕೆಲವೇ ಕ್ಷಣಗಳಲ್ಲಿ ಎದುರಾಗುತ್ತದೆ. ಬ್ರೇಕ್ ಆಯಿಲ್ ವಾತಾವರಣದ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೂ ತೇವಗೊಂಡ ಮೇಲೆ 140ರವರೆಗೆ ಇಳಿಯಬಹುದು. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಆಯಿಲ್ ಕುದಿದು ನಳಿಗೆಯಲ್ಲಿ ಆವಿಯ ಗುಳ್ಳೆಗಳೆದ್ದರೆ ಪಾದದ ಒತ್ತಡವೆಲ್ಲ ಅವನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ಪೆಡಲು ನೆಲವನ್ನು ಮುಟ್ಟುತ್ತದೆ.

ಆದ್ದರಿಂದ ಹಳೆಯ ಆಯಿಲನ್ನು ಪೂರ್ಣವಾಗಿ ಹೊರಹಾಕಿಸಿ, ಮುದ್ರೆಯೊಡೆಯದ ಡಬ್ಬಿಯ ಡಾಟ್ 4 ಆಯಿಲನ್ನು ತುಂಬಿಸತಕ್ಕದ್ದು. ಡಾಟ್ 5 ಎಂಬುದು ಸಿಲಿಕೋನಿನ ಬೇರೆಯೇ ಜಾತಿ, ಅದನ್ನು ಇದರೊಡನೆ ಬೆರೆಸಲಾಗದು. ಮಿಸ್ತ್ರಿಗಳು ‘ಏರ್ ತೆಗೆಯುವುದು’ ಎನ್ನುವ ಕಾರ್ಯವನ್ನು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆಯಾದರೂ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದಲ್ಲಿ ಅದೇ ಪ್ರಮಾಣ. ಚಕ್ರಗಳ ಬಳಿಯ ರಬ್ಬರು ನಳಿಗೆಗಳನ್ನು ಬಾಗಿಸಿ ನೋಡಿ, ಬಿರುಕು ಕಂಡರೆ ಬದಲಿಸಬೇಕು. ಮುಂದಿನ ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸವನ್ನು ಹಾಕಿಸಿ, ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಗಂಟೆಗೆ 60ರಿಂದ 20ಕ್ಕೆ ಹಲವು ಬಾರಿ ಮೃದುವಾಗಿ ವೇಗವಿಳಿಸಿ ಅವನ್ನು ಹದಗೊಳಿಸುವುದು ಊರಲ್ಲಿಯೇ ಮುಗಿಯಬೇಕು. ಹಿಂಬದಿಯ ಡ್ರಮ್ಮುಗಳನ್ನು ಬಿಚ್ಚಿ ಸೋರಿಕೆ ನೋಡುವುದನ್ನು ಮಿಸ್ತ್ರಿ ತಪ್ಪಿಸಲೆತ್ನಿಸುವುದುಂಟು, ಬಿಡಬಾರದು.

ಎರಡನೆಯದು ಟೈರು. ಅಮೀನಗಡದ ಸಂತೆಯಲ್ಲಿ ಎತ್ತಿನ ಮೈಯ ಹೊಳಪಿಗೆ ಮರುಳಾಗದೆ ಹಲ್ಲನ್ನೂ ಗೊರಸನ್ನೂ ಪರೀಕ್ಷಿಸುವ ರೈತನಂತೆ ಇಲ್ಲಿಯೂ ಹೊರಗಣ ಕಪ್ಪನ್ನು ನಂಬದೆ, ಪಾರ್ಶ್ವದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಆರೇಳು ವರ್ಷ ಬಿಸಿಲುಂಡ ಟೈರಿನಲ್ಲಿ ಎಳೆ ಎಷ್ಟೇ ಉಳಿದಿದ್ದರೂ ಅದು ಪಥಕ್ಕೆ ಅಯೋಗ್ಯವೆಂಬುದು ನನ್ನ ಮತ. ಎಳೆಯ ಆಳ 1.6 ಮಿಲಿಮೀಟರು ಕಾನೂನಿನ ಕನಿಷ್ಠ ಮಿತಿ. ಮರಳಿ ಬರುವ ಮಾರ್ಗದಲ್ಲಿ ಮಳೆ ಸುರಿಯಬಹುದಾದುದರಿಂದ ಆ ಗೆರೆಯ ಸಮೀಪಕ್ಕೂ ಹೋಗಬಾರದು. ರಿಸೋಲ್ ಮಾಡಿಸಿದ ಟೈರಂತೂ ಸರ್ವಥಾ ಕೂಡದು.

ಬಳಿಕ ಕಾರನ್ನು ಜಾಕಿಯ ಮೇಲೆತ್ತಿ, ಜಾಕಿಯೊಂದನ್ನೇ ನಂಬದೆ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಮೇಲ್ಭಾಗ ಕೆಳಭಾಗಗಳನ್ನು ಎರಡು ಕೈಗಳಿಂದ ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ಬೇರಿಂಗನ್ನೂ ಬಾಲ್ ಜಾಯಿಂಟನ್ನೂ, ಎಡಬಲಗಳನ್ನು ಹಿಡಿದು ಅಲುಗಿಸಿದಾಗ ಕಂಡರೆ ಟೈ ರಾಡ್ ತುದಿಯನ್ನು ಶಂಕಿಸಬೇಕು. ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ.

ಮೂರನೆಯದಾಗಿ ಶೈತ್ಯ ವ್ಯವಸ್ಥೆ. ಎರೆಮಣ್ಣಿನ ಧೂಳು ರೇಡಿಯೇಟರಿನ ರೆಕ್ಕೆಗಳಲ್ಲಿ ತುಂಬಿರುತ್ತದೆ. ಕೊಳವೆಬಾವಿಯ ಗಡುಸು ನೀರನ್ನೇ ವರ್ಷಗಟ್ಟಲೆ ಸುರಿದಿದ್ದರೆ ಒಳಗೂ ಸುಣ್ಣ ಕಟ್ಟಿರುತ್ತದೆ. ಹೊರಗನ್ನು ಮೆಲ್ಲನೆಯ ನೀರಿನಿಂದ ತೊಳೆಸಿ, ಒಳಗನ್ನು ಫ್ಲಶ್ ಮಾಡಿಸಿ, ಕೂಲೆಂಟನ್ನು ತುಂಬಿಸಿ, ಹೋಸುಗಳನ್ನೂ ಮುಚ್ಚಳವನ್ನೂ ಹೊಸದಾಗಿಸುವುದು ಹೆಚ್ಚಿನ ಖರ್ಚಲ್ಲ. ಬೇಸಗೆಯಲ್ಲಿ ಕಾರು ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲುಂಟು. ಅದು ಚಿಕಿತ್ಸೆಯಲ್ಲ, ರೋಗವನ್ನು ಮರೆಮಾಚುವ ಉಪಾಯ. ಎಂಜಿನ್ ಆಯಿಲನ್ನು ಬದಲಿಸಿ ಕಡ್ಡಿಯ ಮೇಲಿನ ಗುರುತಿನವರೆಗೆ ತುಂಬಬೇಕು, ಅದಕ್ಕೆ ಮೀರಿ ಅಲ್ಲ. ಮಟ್ಟ ಕಡಿಮೆಯಿದ್ದರೆ ದೀರ್ಘ ತಿರುವುಗಳಲ್ಲಿ ಆಯಿಲು ಒಂದು ಬದಿಗೆ ಸರಿದು ಪಂಪು ಗಾಳಿಯನ್ನೆಳೆಯಬಹುದು. ಟೈಮಿಂಗ್ ಬೆಲ್ಟಿನ ಚರಿತ್ರೆ ತಿಳಿಯದಿದ್ದರೆ ಹೊಸದನ್ನೇ ಹಾಕಿಸಿರಿ.

ಕಾಗದಪತ್ರಗಳ ವಿಷಯದಲ್ಲಿ ಎರಡು ಮಾತು ಸಾಕು. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಸಾರಿಗೆ ಕಚೇರಿಯಲ್ಲಿ ಪರೀಕ್ಷೆಯೊಡನೆ 5 ವರ್ಷಗಳಿಗೊಮ್ಮೆ ನವೀಕರಿಸಿರಬೇಕು. ಸಾಮಾನ್ಯ ಮೋಟಾರು ವಿಮೆಯು ಸಂಘಟಿತ ಓಟವನ್ನೂ ವೇಗಪರೀಕ್ಷೆಯನ್ನೂ ಒಳಗೊಳ್ಳದು. ಪಥದಲ್ಲಿ ಜಖಂ ಆದರೆ ವೆಚ್ಚ ನಿಮ್ಮದೇ ಎಂದು ತಿಳಿದು, ಕಳೆದುಕೊಂಡರೂ ಸಂಸಾರ ಅಲುಗದಂತಹ ಕಾರನ್ನು ಮಾತ್ರ ಒಯ್ಯಿರಿ. ಶಿರಸ್ತ್ರಾಣ ಯಾವ ಬಗೆಯದಿರಬೇಕೆಂದು ಆಯೋಜಕರನ್ನು ಮುಂಚಿತವಾಗಿ ಕೇಳಿಕೊಳ್ಳುವುದು, ಹತ್ತಿಯ ತುಂಬುತೋಳಿನ ಉಡುಪು, ತೆಳ್ಳನೆಯ ಅಡಿಯ ಬೂಟು ಧರಿಸುವುದು ಉಚಿತ.

ಪಥವನ್ನು ತಲುಪಿದೊಡನೆ ಕಾರನ್ನು ಬರಿದು ಮಾಡಬೇಕು. ಸ್ಟೆಪ್ನಿ, ಜಾಕಿ, ನೀರಿನ ಬಾಟಲಿ, ನೆಲಹಾಸು, ಸ್ನೇಹಿತರಿಗೆಂದು ಒಯ್ದ ಕರದಂಟಿನ ಡಬ್ಬಿಗಳು, ಇವೆಲ್ಲವೂ ಹೊರಗಿರಲಿ. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯೂ ಅಂಟು ಬಿಟ್ಟರೆ ಕಾಲಬುಡಕ್ಕೆ ಉರುಳಿ ಪೆಡಲಿನ ಕೆಳಗೆ ಸೇರಬಲ್ಲನಾದುದರಿಂದ ಆತನನ್ನು ಭಕ್ತಿಯಿಂದಲೇ ಜೇಬಿಗೆ ಇಳಿಸಿಕೊಳ್ಳಿರಿ. ಬ್ಯಾಟರಿಯ ಪಟ್ಟಿ ಬಿಗಿಯಾಗಿದೆಯೇ, ಎಕ್ಸಲರೇಟರ್ ಬಿಟ್ಟೊಡನೆ ಮರಳುತ್ತದೆಯೇ, ಚಕ್ರದ ನಟ್ಟುಗಳು ಕೈಪಿಡಿ ಹೇಳಿದಷ್ಟು ಬಿಗಿಯಾಗಿವೆಯೇ ನೋಡಿ, ಮೊದಲ ಸರದಿಯ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಮೊದಲ ಸುತ್ತು ಟೈರು ಬೆಚ್ಚಗಾಗಲೆಂದು ನಿಧಾನ. ತರುವಾಯ ನಾಲ್ಕೈದು ಸುತ್ತು ವೇಗ. ಕೊನೆಯ ಸುತ್ತು ಬ್ರೇಕನ್ನು ಆದಷ್ಟೂ ಮುಟ್ಟದೆ, ಗಾಳಿಗೆ ಆರಿಸುತ್ತ. ಪೆಡಲು ಮೆತ್ತಗಾದಂತೆ ತೋರಿದರೆ ಆ ಕ್ಷಣವೇ ಕೈಸನ್ನೆ ಮಾಡಿ ನಿಧಾನವಾಗಿ ಹೊರಬರಬೇಕು. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕನ್ನು ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿರಿ. ಕಾದ ಡ್ರಮ್ಮಿಗೆ ಲೈನಿಂಗು ಅಂಟಿಕೊಳ್ಳುವುದುಂಟು. ರೇಡಿಯೇಟರಿನ ಮುಚ್ಚಳವನ್ನು ಕಾರು ತಣಿಯುವ ಮುನ್ನ ತೆರೆಯಲೇಬಾರದು. ಬಿಸಿಯಾದ ಟೈರಿನ ಒತ್ತಡ ಐದಾರು ಪೌಂಡು ಏರಿರುವುದು ಸಹಜ. ಏರಿದುದನ್ನು ಇಳಿಸಿ ಓಡಿಸಿದ್ದರೆ, ಮರುದಿನ ಮುಂಜಾನೆ ತಣ್ಣಗಿರುವಾಗ ರಸ್ತೆಯ ಒತ್ತಡಕ್ಕೆ ಪುನಃ ತುಂಬಿಸಿಕೊಂಡೇ ಹೊರಡತಕ್ಕದ್ದು. ಹೊರಡುವ ಮುನ್ನ ಎಂಜಿನ್ ಆಯಿಲಿನ ಮಟ್ಟವನ್ನು ನೋಡಿ, ಮುಂದಿನ ಚಕ್ರ ಬಿಚ್ಚಿ ಪ್ಯಾಡನ್ನು ಅಳೆದು, 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಊರಿಗೆ ಹೋಗಿ ನೋಡೋಣವೆನ್ನದೆ ಅಲ್ಲಿಯೇ ಬದಲಿಸಬೇಕು. ಅದಕ್ಕಾಗಿ ಹೊಸ ಜೋಡಿಯೊಂದನ್ನು ಡಿಕ್ಕಿಯಲ್ಲಿ ಮೊದಲೇ ಇಟ್ಟುಕೊಂಡಿರಿ.