ಕಾರ್ಪೊರೇಟರ್ ಕುರ್ಚಿ ಖಾಲಿಯಾದರೆ

ಮಗೂ, ನಿನಗೆ ಹದಿನೆಂಟು ತುಂಬಿತು, ವೋಟರ್ ಕಾರ್ಡೂ ಕೈಗೆ ಬಂತು. ಕಾರ್ಪೊರೇಟರ್ ಅವಧಿಯ ನಡುವೆಯೇ ತೀರಿಕೊಂಡರೆ ಆ ಜಾಗಕ್ಕೆ ಅವರ ಮನೆಯವರು ಬರುತ್ತಾರಾ, ಇಲ್ಲ ಪಕ್ಷದವರು ಯಾರನ್ನಾದರೂ ಕೂರಿಸುತ್ತಾರಾ ಅಂತ ಕೇಳಿದೆಯಲ್ಲ, ಒಳ್ಳೆಯ ಪ್ರಶ್ನೆ. ಯಲಹಂಕದಲ್ಲಿ ತಲೆ ನರೆತವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಯಾರೂ ಹಾಗೆ ಕೂರಿಸುವಂತಿಲ್ಲ. ಸದಸ್ಯರು ತೀರಿಕೊಂಡರೂ, ರಾಜೀನಾಮೆ ಕೊಟ್ಟರೂ, ವಿಪ್ ಮೀರಿ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹರಾದರೂ ಆ ಸ್ಥಾನ ಮರಳಿ ಬರುವುದು ವಾರ್ಡಿನ ಮತದಾರರ ಕೈಗೆ. ರಾಜ್ಯ ಚುನಾವಣಾ ಆಯೋಗ ಉಪಚುನಾವಣೆ ನಡೆಸುತ್ತದೆ. ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದ ಅವಧಿ ಅಷ್ಟೇ. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರ ವಿಚಾರ ಬೇರೆ. ಅವರಿಗೆ ಸಭೆಯಲ್ಲಿ ಮತದ ಹಕ್ಕಿಲ್ಲ, ಖಾಲಿಯಾದ ಕುರ್ಚಿ ಅವರದ್ದಾಗುವುದೂ ಇಲ್ಲ.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಕಾವೇರಿಪುರ ವಾರ್ಡಿನ ಜೆಡಿಎಸ್ ಸದಸ್ಯೆ ರಮೀಳಾ ಉಮಾಶಂಕರ್ 2018ರ ಸೆಪ್ಟೆಂಬರ್ ಕೊನೆಗೆ ಉಪಮೇಯರ್ ಆದರು. ವಾರ ಕಳೆಯುವುದರೊಳಗೆ ಹೃದಯಾಘಾತದಿಂದ ಹೋಗಿಬಿಟ್ಟರು. 2019ರ ಮೇನಲ್ಲಿ ಉಪಚುನಾವಣೆ ನಡೆದು ವಾರ್ಡು ಬಿಜೆಪಿಗೆ ಹೋಯಿತು. ಲಕ್ಕಸಂದ್ರದಲ್ಲಿ ಮಹೇಶ್ ಬಾಬು ತೀರಿಕೊಂಡ ಮೇಲೆ 2017ರಲ್ಲಿ ಅವರ ಪತ್ನಿ ಸರಳಾ ಗೆದ್ದರು. ಪತ್ನಿಯಾದರೂ ಜನರ ಮುಂದೆ ಹೋಗಿ ವೋಟು ಕೇಳಿಯೇ ಗೆಲ್ಲಬೇಕಾಯಿತು. ಎಲ್ಲ ಕಡೆಯೂ ಹೀಗಿಲ್ಲ. ಇಂಗ್ಲೆಂಡಿನ ಹಳ್ಳಿ ಕೌನ್ಸಿಲುಗಳಲ್ಲಿ ಹತ್ತು ಮತದಾರರು ಚುನಾವಣೆ ಬೇಕೆಂದು ಬರೆದುಕೊಡದಿದ್ದರೆ ಉಳಿದ ಸದಸ್ಯರೇ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಪದ್ಧತಿಯೇ ಸರಿ ಅನ್ನುತ್ತೇನೆ ನಾನು.

ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಒಂದು ಕುರ್ಚಿ ಖಾಲಿಯಾದರೆ ಉಪಚುನಾವಣೆ ಮಾಡುತ್ತಾರೆ, ಎಲ್ಲ ಕುರ್ಚಿಯೂ ಖಾಲಿಯಾದರೆ? ಬಿಬಿಎಂಪಿಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243-ಯು ವಿಧಿ. ಆದರೆ ಬಂದದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ವಾರ್ಡುಗಳನ್ನು 243 ಮಾಡುತ್ತೇವೆ ಅಂದರು, 225 ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಆಮೇಲೆ 369 ವಾರ್ಡುಗಳಾದವು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ ಸೇರಿದ ಉತ್ತರ ಪಾಲಿಕೆಗೇ 72. ಹೊಸ ಪಾಲಿಕೆಗಳು ಹುಟ್ಟಿದ ದಿನ ಅಲ್ಲಿ ಜನರು ಆರಿಸಿದ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಐದು ವರ್ಷ ಬಜೆಟ್ಟನ್ನು ಅಧಿಕಾರಿಗಳೇ ಮಾಡಿದರು. ಅವರಲ್ಲಿ ಒಳ್ಳೆಯವರೂ ಇದ್ದರು, ಆದರೆ ಅವರು ನಿನ್ನ ಮನೆ ಬಾಗಿಲಿಗೆ ವೋಟು ಕೇಳಿಕೊಂಡು ಬರಬೇಕಾಗಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೇಳು. ವಾರ್ಡಿನ ಗಡಿ ಬದಲಾಗಿದೆ, ಹೆಸರೂ ಬದಲಾಗಿರಬಹುದು. ನೀನು ಯಾವ ವಾರ್ಡಿಗೆ ಬರುತ್ತೀಯ ಎಂದು ನೋಡಿಕೋ. ವಾರ್ಡಿನ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆ ಪಟ್ಟಿಯಿಂದ. ಅಲ್ಲಿ ಹೆಸರಿಲ್ಲದಿದ್ದರೆ ಫಾರಂ 6 ತುಂಬು. ನಾಳೆ ಆರ್.ಟಿ. ನಗರಕ್ಕೆ ಬಾಡಿಗೆಗೆ ಹೋದರೆ ಫಾರಂ 8.

ಕುರ್ಚಿ ಖಾಲಿ ಇರುವಾಗ ಬೀದಿದೀಪ ಕೆಟ್ಟರೆ, ಜಕ್ಕೂರು ಕೆರೆ ಕಡೆಯ ರಾಜಕಾಲುವೆಯಲ್ಲಿ ಹೂಳು ತುಂಬಿದರೆ ಸುಮ್ಮನೆ ಕೂರಬೇಡ. ಕಂಬದ ನಂಬರ್ ಸಮೇತ ಅರ್ಜಿ ಬರೆದು ವಾರ್ಡ್ ಎಂಜಿನಿಯರ್ ಕಚೇರಿಗೆ ಕೊಡು. ಜೆರಾಕ್ಸ್ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡ.

ಉಪಚುನಾವಣೆ ಬಂದರೆ ‘ಇನ್ನು ಒಂದು ವರ್ಷಕ್ಕೆ ಯಾಕೆ ವೋಟು’ ಅನ್ನುವವರ ಮಾತಿಗೆ ಕಿವಿಗೊಡಬೇಡ. ಅಭ್ಯರ್ಥಿ ಬಾಗಿಲಿಗೆ ಬಂದಾಗ ನಿಲ್ಲಿಸಿ ಕೇಳು, ಉಳಿದ ತಿಂಗಳಲ್ಲಿ ಯಾವ ಕೆಲಸ ಮುಗಿಸುತ್ತೀರಿ ಎಂದು. ಆಮೇಲೆ ಬೆಳಗ್ಗೆಯೇ ಹೋಗಿ ವೋಟು ಹಾಕು, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗು.